ಸನ್ಮಾನ ವಾಪಸಾತಿ ಸಮಾರಂಭಕ್ಕೆ ಬರಲಾಗದ ಕುರಿತು

ಮಾನ್ಯ ಅಧ್ಯಕ್ಷರು, ಗ್ರಾಮೀಣ ಯುವಚೇತನ ಪುರಸ್ಕಾರ ಮಹಾಮಂಡಳಿ, ಚಾಮರಾಜಪುರಂ, ಮೈಸೂರು, ಇವರಿಗೆ ಎಲ್ಲರೂ ಓದುವಂತೆ ಬರೆದುಕೊಂಡದ್ದು. ಒಂದು ಪ್ರತಿಯನ್ನು ಡೈರಿಯ ಗೋಡೆಗೆ ಅಂಟಿಸಿದೆ.

ಮಾನ್ಯರೇ,

ತಮಗೂ, ತಮ್ಮ ಹನ್ನೊಂದು ಮಂದಿ ಉಪಾಧ್ಯಕ್ಷರಿಗೂ, ತಾವು ಸಭೆಯಿಂದ ಸಭೆಗೆ ಹೊತ್ತೊಯ್ಯುವ ಆಳೆತ್ತರದ ಹಿತ್ತಾಳೆ ದೀಪಕ್ಕೂ ಕೆಂಚನಕೊಪ್ಪಲಿನ ಹಾಲಿನ ಡೈರಿ ಜಗಲಿಯಿಂದ ಭಾನುವಾರ ಬೆಳಗಿನ ನಮಸ್ಕಾರಗಳು. ತಾವೆಲ್ಲ ಕ್ಷೇಮವೇ ಎಂದು ಬೇರೆ ಕೇಳಬೇಕಾಗಿಲ್ಲ, ಏಕೆಂದರೆ ತಾವು ಕಳಿಸಿರುವ ಮಿನಿ ಬಸ್ಸು ಜಗಲಿಯ ಮುಂದೆಯೇ ನಿಂತು ಹಾರ್ನ್ ಹೊಡೆಯುತ್ತಿದೆ, ಡ್ರೈವರ್ ನಿಂಗಯ್ಯನವರು "ಅಮ್ಮೋ, ಒಂಬತ್ತೂವರೆ ಆಯ್ತು, ಎಲ್ರೂ ಅತ್ಬುಡಿ, ಲೇಟಾದ್ರೆ ನನ್ನ ಬೈತಾರೆ" ಎಂದು ಮೂರನೆಯ ಸಲ ಹೇಳಿ ಹೋಗಿದ್ದಾರೆ. ಅವಸರದಲ್ಲಿ ಬರೆಯುತ್ತಿರುವುದರಿಂದ ಮರ್ಯಾದೆಯಲ್ಲಿ ಎಲ್ಲಿಯಾದರೂ ಕಡಿಮೆ ಕಂಡುಬಂದರೆ ದಯಮಾಡಿ ತಮ್ಮ ಕಡೆಯಿಂದಲೇ ತುಂಬಿಕೊಳ್ಳಬೇಕು.

ನಾನು ಯಾರೆಂದು ತಾವು ಮರೆತಿರಬಹುದು. ವೇದಿಕೆಯ ಮೇಲೆಯೇ ಹೆಸರು ನೆನಪಾಗದೆ "ಈ ತಾಯಿ" ಎಂದು ಮುಗಿಸಿದ್ದಿರಿ. ನಾನು ನಾಗಮಣಿ, ಹೂಟಗಳ್ಳಿಯ ಮೋಟಾರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ತಾಮ್ರದ ತಂತಿ ಸುತ್ತಿ ನಿವೃತ್ತಳಾದವಳು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಹತ್ತರಿಂದ ಒಂದರವರೆಗೆ ಈ ಜಗಲಿಯಲ್ಲಿ ಊರಿನ ಹುಡುಗ ಹುಡುಗಿಯರಿಗೆ ಸುಟ್ಟುಹೋದ ಪಂಪ್ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು ಕಲಿಸುತ್ತೇನೆ. ಇದರಲ್ಲಿ ತ್ಯಾಗ ಗೀಗ ಏನೂ ಇಲ್ಲ. ಸುಮ್ಮನೆ ಮನೆಯಲ್ಲಿ ಕೂತರೆ ನನಗೆ ಸಿಟ್ಟು ಬರುತ್ತದೆ, ಅಷ್ಟೆ.

ಹೀಗೆ ಐನೂರ ಎಪ್ಪತ್ತೆರಡು ಭಾನುವಾರಗಳಲ್ಲಿ ಒಂದನ್ನೂ ನಾನು ತಪ್ಪಿಸಿಲ್ಲವೆಂದು, ಮಗಳ ಮದುವೆಯನ್ನು ಕೂಡ ಗುರುವಾರಕ್ಕೇ ಇಟ್ಟುಕೊಂಡಿದ್ದೆನೆಂದು ಪತ್ತೆ ಹಚ್ಚಿದವರು ತಾವೇ. ಮೆಚ್ಚಿ 'ಅಖಂಡ ಭಾನುವಾರ ರತ್ನ' ಎಂಬ ಪ್ರಶಸ್ತಿ ಘೋಷಿಸಿ, ಅದನ್ನು ಸ್ವೀಕರಿಸಲು ಐನೂರ ಎಪ್ಪತ್ತಮೂರನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ದೇವರಾಜ ಮೊಹಲ್ಲಾದ ಸಭಾಂಗಣಕ್ಕೆ ಬರಬೇಕೆಂದು ಅಪ್ಪಣೆ ಮಾಡಿದಿರಿ. ಶನಿವಾರ ಇಟ್ಟುಕೊಳ್ಳಬಾರದೇ ಎಂದು ಕೇಳಿದ್ದಕ್ಕೆ ತಮ್ಮ ಕಾರ್ಯದರ್ಶಿ ಸಿದ್ದಲಿಂಗಸ್ವಾಮಿಯವರು "ಭಾನುವಾರದ ಪ್ರಶಸ್ತೀನ ಶನಿವಾರ ಕೊಟ್ರೆ ಏನ್ ಚೆನ್ನಾಗಿರುತ್ತೆ ಹೇಳಿ ಮೇಡಂ? ಹತ್ತೇ ನಿಮಿಷ ಕಣ್ರೀ, ಬಂದ್ಬುಡಿ" ಎಂದರು. ಚಪ್ಪಾಳೆಗೆ ಜನ ಸಾಲದೆಂದು ನನ್ನ ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನೂ ಇದೇ ಬಸ್ಸಿಗೆ ತುಂಬಿಸಿಕೊಂಡು ಹೋದಿರಿ.

ಆ ಹತ್ತು ನಿಮಿಷ ಹನ್ನೆರಡೂ ಕಾಲಿಗೆ ಶುರುವಾಗಿ ಮೂರು ಗಂಟೆಗೆ ಮುಗಿಯಿತು. ತಾವು ತೊಡಿಸಿದ ಮೈಸೂರು ಪೇಟ ಜಾರಿ ಮೂಗಿನ ಮೇಲೆ ಕೂತದ್ದರಿಂದ ನನ್ನ ಸನ್ಮಾನವನ್ನು ನಾನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ, ಆದರೆ ಕಿವಿಗೆ ಯಾವ ಅಡ್ಡಿಯೂ ಇಲ್ಲದ್ದರಿಂದ ಒಂದು ಭಾನುವಾರದ ಬೆಲೆಯೇನೆಂಬ ವಿಷಯದಲ್ಲಿ ಒಂಬತ್ತು ಜನರ ಭಾಷಣವನ್ನು, ಆ ಭಾನುವಾರವಿಡೀ, ಸಂಪೂರ್ಣವಾಗಿ ಕೇಳಿಸಿಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಐದು ವಾರದ ನಂತರ ತಮ್ಮ ಪರಿಶೀಲನಾ ಉಪಸಮಿತಿಯಿಂದ ನೋಟಿಸು ಬಂತು: ಪ್ರಶಸ್ತಿ ಪ್ರದಾನವಾದ ದಿನ ಕೆಂಚನಕೊಪ್ಪಲಿನಲ್ಲಿ ತರಗತಿ ನಡೆದಿಲ್ಲವೆಂದು ಖಚಿತವಾಗಿರುತ್ತದೆ, ಅಖಂಡತೆಗೆ ಭಂಗ ಬಂದಿರುತ್ತದೆ, ವಿವರಣೆ ನೀಡತಕ್ಕದ್ದು. ಆ ದಿನ ನಾನು ತಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆನೆಂದು ಫೋಟೋ ಸಮೇತ ಬರೆದೆ. "ನಿಮ್ಮ ವಿವರಣೆ ತೃಪ್ತಿಕರವಾಗಿದೆ, ಆದರೆ ಗೈರುಹಾಜರಿಗೆ ಕಾರಣ ಬರೆಯಲು ನಮೂನೆಯಲ್ಲಿ ಕಾಲಂ ಇರುವುದಿಲ್ಲ" ಎಂಬ ಉತ್ತರ ಬಂತು. ಆಹಾ, ಎಂಥ ನಿಷ್ಠೆ! ಕೊಟ್ಟ ಸನ್ಮಾನವನ್ನು ಕೊಟ್ಟಷ್ಟೇ ವೈಭವದಿಂದ ಹಿಂತೆಗೆದುಕೊಳ್ಳಬೇಕೆಂದು ತೀರ್ಮಾನಿಸಿ, ಅದೇ ಸಭಾಂಗಣದಲ್ಲಿ, ಅದೇ ಒಂಬತ್ತು ಭಾಷಣಕಾರರೊಂದಿಗೆ 'ಸನ್ಮಾನ ವಾಪಸಾತಿ ಸಮಾರಂಭ' ಏರ್ಪಡಿಸಿದ್ದೀರಿ. ಶಾಲನ್ನು ಒಗೆದು ಇಸ್ತ್ರಿ ಮಾಡಿ ತರತಕ್ಕದ್ದು, ಚಪ್ಪಾಳೆಗೆ ಹದಿನಾಲ್ಕು ಮಂದಿ ಬರತಕ್ಕದ್ದು. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ಅಂದರೆ ಇವತ್ತು.

ಸ್ವಾಮಿ, ಇವತ್ತು ಆಗುವುದಿಲ್ಲ. ನನ್ನ ವಿದ್ಯಾರ್ಥಿನಿ ಲಹರಿಗೆ ನಾಳೆ ಬೆಳಿಗ್ಗೆ ನಾನು ದುಡಿದ ಆ ಕಾರ್ಖಾನೆಯಲ್ಲೇ ಕೈಕೆಲಸದ ಪರೀಕ್ಷೆ ಇದೆ. ಪಾಸಾದರೆ ನಮ್ಮ ಜಗಲಿಯಿಂದ ಕೆಲಸಕ್ಕೆ ಹೋದ ಮೊದಲ ಹುಡುಗಿ ಅವಳು. ಫೇಲಾದರೆ ಇನ್ನೆರಡು ವರ್ಷ ಅವಕಾಶವಿಲ್ಲ. ತಂತಿಯನ್ನು ಅವಳು ನನಗಿಂತ ನೀಟಾಗಿ ಸುತ್ತುತ್ತಾಳೆ, ಆದರೆ ಕೊನೆಗೆ ತುದಿಗಳನ್ನು ಸೇರಿಸುವಾಗ ಒಂದು ಸುರುಳಿಯ ತಲೆಯನ್ನು ಇನ್ನೊಂದರ ಬಾಲವೆಂದು ತಿಳಿದು ಕಟ್ಟಿಬಿಡುತ್ತಾಳೆ. ಆಗ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಆ ಪಾಠವನ್ನು ನಾನು ಹೇಳಿಕೊಡಬೇಕಾಗಿದ್ದದ್ದು ಐನೂರ ಎಪ್ಪತ್ತಮೂರನೆಯ ಭಾನುವಾರ. ಆಮೇಲಿನ ವಾರಗಳೆಲ್ಲ ಹಿಂದೆ ಬಿದ್ದದ್ದನ್ನು ಎಳೆದು ತರುವುದಕ್ಕೇ ಸರಿಹೋದವು. ಪ್ರಶಸ್ತಿ ಹೋದದ್ದಕ್ಕೆ ನನಗೆ ಲವಲೇಶವೂ ಬೇಸರವಿಲ್ಲ. ಆ ಭಾನುವಾರ ಹೋಯಿತಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ತಮ್ಮ ಘನತೆಗೆ ಕುಂದು ಬಾರದಂತೆ ಕೆಲವು ವಿನಂತಿಗಳಿವೆ. ತಮಗೆ ಮೇಲಿನವರ ಪರಿಚಯ ಬೇಕಾದಷ್ಟು ಇರುವುದರಿಂದ, ಜಿಲ್ಲೆಯಲ್ಲಿ ವಾರಕ್ಕೆ ಎರಡು ಭಾನುವಾರ ಮಾಡಿಸಿ, ಒಂದನ್ನು ಕೆಲಸ ಮಾಡುವವರಿಗೂ ಇನ್ನೊಂದನ್ನು ಕೆಲಸ ಮಾಡುವವರನ್ನು ಹೊಗಳುವವರಿಗೂ ಹಂಚಿಕೊಡಬೇಕು. ಅದು ತಡವಾಗುವುದಾದರೆ, ನನ್ನ ಕುರ್ಚಿಯ ಮೇಲಿಡಲು ಲಹರಿ ಹೋದ ವಾರ ಕಟ್ಟಿದ ಮೋಟಾರನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ, ಒಗೆದ ಶಾಲು ಅದಕ್ಕೇ ಹೊದಿಸಿದೆ, ಪೇಟವೂ ನನಗಿಂತ ಅದಕ್ಕೇ ಸರಿಯಾಗಿ ಕೂತಿದೆ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಇದ್ದಲ್ಲಿಂದ ಕದಲುವುದಿಲ್ಲ. ತಮ್ಮ ಸಭೆಗೆ ಹೊಸದೆನಿಸಲಾರದು. ಬಿಸಿಯಾದರೆ ಮಾತ್ರ ಆರಿಸಿಬಿಡಿ. ಈ ಸೌಲಭ್ಯ ಭಾಷಣಕಾರರಲ್ಲಿ ಇರುವುದಿಲ್ಲ.

ಎರಡನೆಯ ಗೈರುಹಾಜರಿಯ ವಿಚಾರಣೆಯನ್ನು ಮತ್ತೊಂದು ಭಾನುವಾರ ಇಟ್ಟುಕೊಳ್ಳುವಿರೆಂದು ಬಲ್ಲೆ. ಅದಕ್ಕೂ ಈಗಲೇ, ವಿನಯಪೂರ್ವಕವಾಗಿ, ಬರುವುದಿಲ್ಲ.

ಇಂತಿ, ಮುಂದಿನ ಭಾನುವಾರವೂ ಇದೇ ಜಗಲಿಯಲ್ಲಿ ಸಿಗುವ
ತಮ್ಮ ವಿಶ್ವಾಸಿ
ನಾಗಮಣಿ
('ರತ್ನ'ವನ್ನು ಹೊಡೆದುಹಾಕಿದೆ)

ಮರೆತ ಮಾತು: ಬಸ್ಸು ತಡವಾಗಿ ಬಂದದ್ದಕ್ಕೆ ನಿಂಗಯ್ಯನವರನ್ನು ಬೈಯಬಾರದು. ಪಾಠದ ನಡುನಡುವೆ ಬರೆದ ಈ ಪತ್ರ ಮುಗಿಯುವವರೆಗೆ ಸುಮ್ಮನೆ ನಿಲ್ಲಲಾರದೆ ಅವರು ಜಗಲಿಗೆ ಹತ್ತಿ ಬಂದು ಲಹರಿಗೆ ತಂತಿಯ ತುದಿ ಹಿಡಿದುಕೊಟ್ಟರು. ಅವಳು ಇನ್ನೊಂದು ಮೋಟಾರನ್ನು ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಕಟ್ಟಿದಳು. ಹನ್ನೆರಡೂ ಕಾಲಿಗೆ, ತಾವು ಅಲ್ಲಿ ದೀಪ ಹಚ್ಚುವ ಹೊತ್ತಿಗೆ, ಇಲ್ಲಿ ಮೋಟಾರು ತಿರುಗಿತು. ನಿಂಗಯ್ಯನವರು "ಅಯ್ಯೋ, ಇಷ್ಟೇನಾ ಕಣಮ್ಮ ಇದು! ಬರೋ ವಾರಾನೂ ಬತ್ತೀನಿ" ಎಂದಿದ್ದಾರೆ. ತಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಅವರನ್ನು ಸನ್ಮಾನಿಸಬೇಡಿ.