ಸೊನ್ನೆ ಡಿಗ್ರಿಯ ವಿಜಯನಗರ

ಖಾಲಿ ಜಾಗ ಕಂಡರೆ ನನ್ನ ಕೈ ತುರಿಸುತ್ತದೆ. ಮೂವತ್ತು ವರ್ಷ ಗುಮಾಸ್ತನಾಗಿದ್ದುದರ ಫಲವಿದು. ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಆಡಿಟ್‌ನವರು ಕೇಳುತ್ತಾರೆ. ಏನಾದರೊಂದು ತುಂಬಿದ್ದರೆ ಯಾರೂ ಕೇಳುವುದಿಲ್ಲ. ಇಷ್ಟು ಜ್ಞಾನ ಸಂಪಾದಿಸಿ ನಿವೃತ್ತನಾದವನ ಕೈಗೆ ಥರ್ಮಾಮೀಟರ್ ಕೊಟ್ಟದ್ದು ನನ್ನ ಹೆಂಡತಿಯ ತಪ್ಪು.

ಸುಧಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ತಾರಸಿಗೆ ಬಿಳಿ ಬಣ್ಣ ಬಳಿದರೆ ಮನೆ ತಂಪಾಗುತ್ತದೆ ಎಂದು ಅವಳು ಹೇಳಿದರೆ ಪೋಷಕರು ನಗುತ್ತಿದ್ದರು. ಕಾಮಾಕ್ಷಿಪಾಳ್ಯದ ಸಣ್ಣ ಮನೆಗಳಲ್ಲಿ ಬೇಯುತ್ತಾ ಓದುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಶನಿವಾರದ ಸಭೆಯಲ್ಲಿ ಗ್ರಾಫ್ ತೋರಿಸಿಯೇ ನಂಬಿಸುತ್ತೇನೆಂದು ಹಟ ಹಿಡಿದಳು. ವಿಜಯನಗರದ ನಮ್ಮ ತಾರಸಿಯ ಅರ್ಧಕ್ಕೆ ಬಣ್ಣ ಬಿತ್ತು. ಎರಡು ತಿಂಗಳು, ಪ್ರತಿದಿನ ಮಧ್ಯಾಹ್ನ ಎರಡಕ್ಕೆ ಎರಡೂ ಕಡೆಯ ಶಾಖ ಅಳೆದು ಬರೆಯುವುದು ನನ್ನ ಕೆಲಸ. ಮಧ್ಯಾಹ್ನ ಎರಡು ಗಂಟೆ ಎಂದರೆ ಊಟವಾದ ಮೇಲಿನ ಹೊತ್ತು ಎಂಬುದನ್ನು ಓದುಗರು ಗಮನಿಸಬೇಕು. ಹನ್ನೊಂದು ದಿನ ನಾನು ಹತ್ತಲಿಲ್ಲ.

ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಮೊದಲ ಸಾಲಿನಲ್ಲಿ ‘ಶ್ರೀ’, ಪ್ರತಿ ಅಂಕಿಯ ಮುಂದೆ ‘ಡಿಗ್ರಿ’, ತಪ್ಪಿದ ದಿನಗಳಿಗೆ ‘ಇಲ್ಲ’. ಗ್ರಾಫ್ ಬಿಡಿಸುವ ಸಾಫ್ಟ್‌ವೇರು ಇದ್ಯಾವುದನ್ನೂ ಒಪ್ಪಲಿಲ್ಲ.

“ಅದಕ್ಕೆ ಬರೀ ಅಂಕಿ ಬೇಕು ಕಣ್ರೀ. ಮೊದಲು ಆ ಶ್ರೀ ತೆಗೀರಿ.”

“ದೇವರ ಹೆಸರು ತೆಗೆಯೋದಾ?”

“ದೇವರು ಎಷ್ಟು ಡಿಗ್ರಿ ಅಂತ ಕೇಳ್ತಿದೆ ಅದು.”

ತೆಗೆದೆ. ಡಿಗ್ರಿಯನ್ನೂ ತೆಗೆದೆ. ‘ಇಲ್ಲ’ ಎಂದರೆ ಸೊನ್ನೆ ತಾನೆ ಎಂದುಕೊಂಡು ಹನ್ನೊಂದು ಕಡೆ ಸೊನ್ನೆ ಹಾಕಿದೆ. ಎರಡು ಕಡೆಗೆ ಎರಡು ಗೆರೆ ಬಂದವು. ಬಿಳಿ ಕಡೆಯದು ನಲವತ್ತರ ಆಚೀಚೆ, ಇನ್ನೊಂದು ಅದಕ್ಕಿಂತ ಮೇಲೆ ಹೋಗುತ್ತಾ, ಎರಡೂ ಹನ್ನೊಂದು ಸಲ ಬಾವಿಗೆ ಹಾರಿಕೊಂಡಿದ್ದವು. ಏಪ್ರಿಲ್ ತಿಂಗಳಲ್ಲಿ ವಿಜಯನಗರದ ತಾರಸಿಯ ಮೇಲೆ ನೀರು ಹೆಪ್ಪುಗಟ್ಟಿತ್ತು ಎಂದು ಯಾವ ಪೋಷಕರನ್ನು ನಂಬಿಸುವುದು? ಸುಧಾ ಕಾಫಿ ಮಾಡಲು ಎದ್ದು ಹೋದಳು. ಅಷ್ಟರಲ್ಲಿ ನಾನು ಆ ಹನ್ನೊಂದು ದಿನಗಳನ್ನು ನೆನಪಿಸಿಕೊಂಡು ತುಂಬಿದೆ. ಸುಳ್ಳಲ್ಲ, ನಿಜವಾಗಿ ನೆನಪಾಯಿತು. ಒಂದು ಗುರುವಾರವಂತೂ ಅಂಗಾಲು ಸುಟ್ಟು ಕುಣಿದದ್ದು ಸ್ಪಷ್ಟವಾಗಿತ್ತು. ಬಿಳಿ ಕಡೆಗೆ ನಲವತ್ತೆರಡು, ಇನ್ನೊಂದಕ್ಕೆ ಐವತ್ತೈದು ಎಂದು ಬರೆದೆ. ಗೆರೆಗಳು ಈಗ ಬಾಚಿದ ತಲೆಯಂತೆ ನೀಟಾಗಿದ್ದವು.

ಸುಧಾ ಲೋಟ ಇಟ್ಟು ಪರದೆಯ ಮೇಲೆ ಬೆರಳಿಟ್ಟಳು. “ಈ ಗುರುವಾರ ನಾವಿಬ್ರೂ ಕೆಂಗೇರಿಲಿ ನಿಮ್ಮ ಅಕ್ಕನ ಮನೆ ಗೃಹಪ್ರವೇಶದಲ್ಲಿದ್ವಲ್ಲ. ಅಳೆದೋರು ಯಾರು?”

“ಸಂಜೆ ಬಂದ್ಮೇಲೆ...”

“ಎರಡು ಗಂಟೆ ಬಿಸಿಲು ಸಂಜೆವರೆಗೂ ನಿಮಗೋಸ್ಕರ ಕಾಯ್ತಾ ಕೂತಿತ್ತಾ?”

ನನಗೆ ಈಗಲೂ ಅಂಗಾಲು ಸುಟ್ಟದ್ದು ನೆನಪಿದೆ. ಎಂದು, ಯಾರ ತಾರಸಿಯಲ್ಲಿ ಎಂಬುದಷ್ಟೇ ಗೊತ್ತಿಲ್ಲ. ಅವಳು ರೇಗಲಿಲ್ಲ. “ಒಬ್ಬರು ಎದ್ದು ಇದನ್ನೇ ಕೇಳಿದ್ರೆ ಮಿಕ್ಕಿದ್ದೂ ಸುಳ್ಳಾಗುತ್ತೆ. ನೀವೇ ಅಳಿಸಿ” ಎಂದಳಷ್ಟೇ. ಒಂದೊಂದೇ ಅಳಿಸಿ ಜಾಗವನ್ನು ಖಾಲಿ ಬಿಟ್ಟೆ. ಆಡಿಟ್‌ನವರು ಬಾಗಿಲಲ್ಲೇ ನಿಂತಿದ್ದಾರೇನೋ ಎಂದು ಒಮ್ಮೆ ತಿರುಗಿ ನೋಡಿದೆ. ಸಾಫ್ಟ್‌ವೇರು ಮಾತ್ರ ತಕರಾರಿಲ್ಲದೆ ಹನ್ನೊಂದು ಕಡೆ ಗೆರೆ ಕಡಿದು ಮುಂದೆ ಹೋಯಿತು.

ಶನಿವಾರ ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಒಬ್ಬಾಕೆ ಎದ್ದು ಕೇಳಿಯೇ ಬಿಟ್ಟರು: “ಮೇಡಂ, ಅಲ್ಲಲ್ಲಿ ಗೆರೆ ಯಾಕೆ ಕಟ್ಟಾಗಿದೆ?”

“ಅವತ್ತು ನಮ್ಮನೆಯವರು ಮೇಲೆ ಹತ್ತಲಿಲ್ಲಮ್ಮ.”

ಇಡೀ ಕೋಣೆ ತಿರುಗಿ ನನ್ನನ್ನು ನೋಡಿ ನಕ್ಕಿತು. ಆಮೇಲೆ ಅದೇ ಹೆಂಗಸು “ಹಂಗಾದ್ರೆ ಮಿಕ್ಕಿದ್ದು ನಿಜಾನೇ ಇರ್ಬೇಕು. ಬಣ್ಣ ಯಾವ್ದು ಮೇಡಂ?” ಎಂದು ಪೆನ್ನು ತೆಗೆದರು.

ಇದಿಷ್ಟನ್ನೂ ನಡೆದಂತೆಯೇ ಬರೆದು ಸುಧಾಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದು ಹೇಳಿದಳು: “ಚೆನ್ನಾಗಿದೆ. ಎಲ್ಲೂ ಖಾಲಿ ಬಿಟ್ಟಿಲ್ವಲ್ಲ ರೀ.”