ಅಲ್ಲಾಡಿದರೆ ಮಾತ್ರ ಬೆಳಕು

"ಇವತ್ತಿನಿಂದ ಈ ಮನೆಯಲ್ಲಿ ಒಂದೇ ಒಂದು ಯೂನಿಟ್ ಕರೆಂಟೂ ದಂಡ ಆಗಬಾರದು! ಇದು ನನ್ನ ಶಪಥ!"

ಉಳಿತಾಯಪ್ಪ ಹೀಗೆ ಗುಡುಗಿದ್ದು ಹಾಲಿನ ಆರಾಮಕುರ್ಚಿಯಲ್ಲಿ ಕಾಲು ಚಾಚಿಕೊಂಡು. ಅವನ ಶಪಥಗಳೆಲ್ಲ ಹೊರಡುತ್ತಿದ್ದುದು ಅಲ್ಲಿಂದಲೇ. ಅವನು ವಿಮಾ ಕಚೇರಿಯ ಗುಮಾಸ್ತ. ಉಳಿತಾಯಪ್ಪ ಎಂಬುದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು. ಅವನು ಅದನ್ನು ಬಿರುದು ಎಂದುಕೊಂಡಿದ್ದ, ಪಾಪ!

ಅಂದು ರಜೆ ಹಾಕಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. ಮಧ್ಯಾಹ್ನದೊಳಗೆ ಹಳೆಯ ಬಲ್ಬುಗಳು ಹೋಗಿ ಎಲ್‌ಇಡಿ ಬಂದವು. ಎಲ್ಲಕ್ಕೂ ಕಿರೀಟವಿಟ್ಟಂತೆ ಕೋಣೆ ಕೋಣೆಗೂ ಸೆನ್ಸರ್ ಬಂತು. ಮನುಷ್ಯ ಅಲುಗಾಡಿದರೆ ದೀಪ ಹತ್ತುತ್ತದೆ, ಅಲುಗಾಡದಿದ್ದರೆ ಆರುತ್ತದೆ.

"ಐದು ನಿಮಿಷಕ್ಕೆ ಇಡಲಾ ಸಾರ್?" ಎಂದ ಎಲೆಕ್ಟ್ರಿಷಿಯನ್.

"ಐದು ನಿಮಿಷ? ದುಡ್ಡೇನು ಮರದಲ್ಲಿ ಬಿಡುತ್ತಾ? ಮೂವತ್ತು ಸೆಕೆಂಡಿಗೆ ಇಡು!"

ಯಾರೂ ಕದ್ದುಮುಚ್ಚಿ ದೀಪ ಉರಿಸಬಾರದೆಂದು ಹಳೆಯ ಸ್ವಿಚ್ಚುಗಳನ್ನು ಕೀಳಿಸಿ ಗುಜರಿಯವನಿಗೆ ಕೊಟ್ಟ. ಹೆಂಡತಿಯ ಟೇಬಲ್ ಲ್ಯಾಂಪನ್ನೂ "ಒಂದು ಕೋಣೆಗೆ ಎರಡು ದೀಪ ಯಾಕೆ?" ಎಂದು ಅದರ ಜೊತೆಗೇ ಸಾಗಹಾಕಿದ. ಬಡಪಾಯಿ ಮರೆತದ್ದು ಒಂದೇ ವಿಷಯ. ಅವನ ಹೆಂಡತಿ ವಾಚು ರಿಪೇರಿ ಮಾಡುವವಳು!

ಧೂಳು, ಗಾಳಿ ಬೇಡವೆಂದು ಅವಳು ಕಿಟಕಿಯಿಲ್ಲದ ಉಗ್ರಾಣವನ್ನೇ ಕೆಲಸದ ಕೋಣೆ ಮಾಡಿಕೊಂಡಿದ್ದಳು. ಕೆಲಸಕ್ಕೆ ಕೂತರೆ ಅವಳ ಬೆರಳ ತುದಿ ಬಿಟ್ಟು ಬೇರೇನೂ ಅಲುಗುತ್ತಿರಲಿಲ್ಲ. ಆ ದಿನ ಮೇಜಿನ ಮೇಲೆ ಬಿಚ್ಚಿಟ್ಟಿದ್ದದ್ದು ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಜೇಬುಗಡಿಯಾರ. ಅವರ ಅಪ್ಪನದು. ನಿಂತು ಇಪ್ಪತ್ತು ವರ್ಷವಾಗಿತ್ತು. ಮೂರು ಅಂಗಡಿಯವರು ಕೈಚೆಲ್ಲಿದ್ದರು. "ಇದು ಮತ್ತೆ ಓಡುತ್ತೆ ತಾತ, ನಾನು ಓಡಿಸ್ತೀನಿ" ಎಂದು ಮಾತು ಕೊಟ್ಟವಳು ಇವಳೊಬ್ಬಳೇ. ಗಾರ್ಡ್ ತಾತ ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದರು. ಐದರ ರೈಲು, ನಾಲ್ಕಕ್ಕೆ ವಾಚು ಒಯ್ಯಲು ಬರುವವರಿದ್ದರು.

ಮೂರು ಗಂಟೆಗೆ ಕೋಣೆಯಿಂದ ಧ್ವನಿ ಬಂತು.

"ರೀ... ಕರೆಂಟ್ ಹೋಯ್ತಾ?"

"ಇಲ್ಲ ಕಣೇ, ಉಳೀತಾ ಇದೆ!" ಎಂದ ಉಳಿತಾಯಪ್ಪ, ಕುರ್ಚಿಯಿಂದಲೇ.

"ಬಂದು ನೋಡ್ತೀರೋ ಇಲ್ವೋ?"

ಆ ದನಿ ಕೇಳಿ ಅವನು ಎದ್ದ. ಒಳಗೆ ಕಾಲಿಟ್ಟೊಡನೆ ದೀಪ ಹತ್ತಿತು. ಹೆಂಡತಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಕಲ್ಲಿನಂತೆ ಕೂತಿದ್ದಳು. ಚಿಮಟದ ತುದಿಯಲ್ಲಿ ಕೂದಲಿಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗ್.

"ಇದು ಒಂದು ಚೂರು ಬಗ್ಗಿದರೂ ಮುಗೀತು. ಇನ್ನೊಂದು ಎಲ್ಲೂ ಸಿಗಲ್ಲ. ನಿಮ್ಮ ದೀಪ ನನ್ನನ್ನ ಮನುಷ್ಯಳು ಅಂತಲೇ ಒಪ್ತಾ ಇಲ್ಲ!"

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಸಾರ್" ಎಂದ. ತಾನೇ ಬಿಚ್ಚೋಣವೆಂದರೆ ಸೆನ್ಸರ್ ಇದ್ದದ್ದು ಮೇಜಿನ ನೆತ್ತಿಯ ಮೇಲೆ. ಮುಚ್ಚಳ ತೆಗೆದರೆ ಸುಣ್ಣದ ಪುಡಿಯೆಲ್ಲ ವಾಚಿನ ಹೊಟ್ಟೆಗೆ! ಮೊಬೈಲ್ ಟಾರ್ಚ್ ಹಿಡಿದರೆ ಅವಳ ಕೈನೆರಳೇ ವಾಚಿನ ಮೇಲೆ ಬೀಳುತ್ತಿತ್ತು. ಬಿಚ್ಚಿದ ವಾಚನ್ನು ಹೊರಗಿನ ಬೆಳಕಿಗೆ ಒಯ್ಯೋಣವೆಂದರೆ ಅಲ್ಲಿ ಗಾಳಿ, ಧೂಳು.

"ಒಂದೇ ದಾರಿ. ನಾನು ಅಲ್ಲಾಡೋ ಹಾಗಿಲ್ಲ. ನೀವು ಅಲ್ಲಾಡಿ," ಎಂದಳು.

ಸರಿ, ಉಳಿತಾಯಪ್ಪ ಮೂಲೆಯಲ್ಲಿ ನಿಂತು ಎರಡೂ ಕೈ ಬೀಸತೊಡಗಿದ.

"ಗಾಳಿ ಬರುತ್ತೆ ರೀ! ಮೆಲ್ಲಗೆ!"

ಮೆಲ್ಲಗೆ ಬೀಸಿದ. ಕಾಲು ಕುಣಿಸಿದ.

"ನೆಲ ಅದುರುತ್ತೆ!"

ತುದಿಗಾಲಲ್ಲಿ ನಿಂತ. ಒಮ್ಮೆ ಬಲಗೈ, ಒಮ್ಮೆ ಎಡಗೈ, ನಡುವೆ ಸೊಂಟ! ಬಾಗಿಲಿಗೆ ಬಂದ ಅವನಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಏನೋ ಇದು? ಮೈಮೇಲೆ ಏನಾದ್ರೂ ಬಂತಾ?"

"ಶ್! ಉಸಿರು ಬಿಡಬೇಡಮ್ಮ!"

ಅರ್ಧ ಗಂಟೆ ಕಳೆಯಿತು. ತೋಳು ಬಿದ್ದುಹೋಗುವಂತಾಯಿತು, ಬೆನ್ನು ಬೆವರಿತು. ಮೂರೂ ಮುಕ್ಕಾಲು. ಸ್ಪ್ರಿಂಗ್ ತನ್ನ ಜಾಗದ ಮೇಲೆ ತೂಗುತ್ತಿತ್ತು. ಹನ್ನೆರಡು ವರ್ಷದ ಸಂಸಾರದಲ್ಲಿ ಹೆಂಡತಿ ಕೆಲಸ ಮಾಡುವುದನ್ನು ಅವನು ನಿಂತು ನೋಡಿದ್ದು ಅದೇ ಮೊದಲು. ಎಂಥಾ ಕೈ! ಎಂಥಾ ಸಹನೆ! ಅವನಿಗೆ ಹೆಮ್ಮೆ ಉಕ್ಕಿತು, ನಾಚಿಕೆಯೂ ಆಯಿತು. ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು, ಮೈಮರೆತು ನೋಡುತ್ತಾ ನಿಂತುಬಿಟ್ಟ.

ನಿಂತುಬಿಟ್ಟ! ಫಕ್ಕನೆ ಕತ್ತಲು!

"ಅಯ್ಯೋ!" ಎಂದರು ಅಮ್ಮ. ಗಾರ್ಡ್ ತಾತನ ಮುಖ ಉಳಿತಾಯಪ್ಪನ ಕಣ್ಣ ಮುಂದೆ ಬಂದು ನಿಂತಿತು.

ಕತ್ತಲಿನಿಂದ ಪಿಸುದನಿ ಬಂತು. "ಅಲ್ಲಾಡ್ರೀ..."

ಅವನು ಕೈಯೆತ್ತಿದ. ದೀಪ ಹತ್ತಿತು. ಸ್ಪ್ರಿಂಗ್ ಇದ್ದಲ್ಲೇ ಇತ್ತು. ಅವಳ ಕೈ ಒಂದು ಎಳ್ಳಿನಷ್ಟೂ ಕದಲಿರಲಿಲ್ಲ. ಮೆಲ್ಲಗೆ ಇಳಿಸಿದಳು, ಕೂರಿಸಿದಳು, ಕೀಲಿ ತಿರುಗಿಸಿದಳು.

ಟಿಕ್. ಟಿಕ್. ಟಿಕ್.

ನಾಲ್ಕಕ್ಕೆ ಸರಿಯಾಗಿ ಬಂದ ಗಾರ್ಡ್ ತಾತ ವಾಚನ್ನು ಕಿವಿಗೆ ಒತ್ತಿಕೊಂಡರು. "ಅಪ್ಪ ಮನೆಗೆ ಬಂದ ಹಾಗಾಯ್ತಮ್ಮ," ಎಂದರು. ಕಣ್ಣೊರೆಸಿಕೊಂಡು ರೈಲಿಗೆ ಹೊರಟರು.

ಸಂಜೆ ಉಳಿತಾಯಪ್ಪ ಆರಾಮಕುರ್ಚಿಯಲ್ಲಿ ಹೆಣದಂತೆ ಬಿದ್ದುಕೊಂಡ. ಬೆರಳೆತ್ತಲೂ ಶಕ್ತಿಯಿರಲಿಲ್ಲ. ಮೂವತ್ತು ಸೆಕೆಂಡಾಯಿತು, ಹಾಲಿನ ದೀಪ ಆರಿತು.

"ಅತ್ತೆ, ಹಾಲಲ್ಲಿ ಯಾರೂ ಇಲ್ವಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಇದಾನಮ್ಮ, ಕುರ್ಚೀಲಿ," ಎಂದರು ಅಮ್ಮ. "ಇವನು ಕುರ್ಚೀಲಿ ಕೂತ ಮೇಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಇಷ್ಟು ವರ್ಷ ನಮ್ಮಿಬ್ಬರಿಗೇ ಗೊತ್ತಿತ್ತು. ಈಗ ದೀಪಕ್ಕೂ ಗೊತ್ತಾಯ್ತು ನೋಡು!"