ಪಾವಟಿಗಿ ಮ್ಯಾಲಿನ ಉಪ್ಪು

ಇನ್ನಷ್ಟ ಹತ್ತರ ಸರೀರಿ, ಬಾಜೂಮನಿಯಾಕಿ ಕಿವಿ ಭಾಳ ಚುರುಕು. ನಾ ಹೇಳಿದ್ದು ನಿಮ್ಮ ಹೊಟ್ಟಿಯೊಳಗ ಇರಬೇಕು. ನಾನೂ ಹಂಗ ಇಟಗೊಂಡೇನಿ, ನಾಕ ಮಂದಿಗೆ ಬಿಟ್ಟರ ಯಾರಿಗೂ ಹೇಳಿಲ್ಲ. ನಮ್ಮ ಇಳಕಲ್ಲಿನ ಓಣ್ಯಾಗ ದಿನಾ ಒಂದಿಲ್ಲೊಂದು ಆಗತಿರ್ತೈತಿ. ನಾ ಕಟ್ಟಿ ಮ್ಯಾಲ ಕುಂತಿರ್ತೇನಿ, ಕಣ್ಣಿಗೆ ಬೀಳತೈತಿ, ಏನ ಮಾಡ್ಲಿ?

೧. ಮಾಸ್ತರು ಕುಂತು ನೋಡಿದ್ದು

ಬಾಜೂಮನಿಯಾಕಿ ಗಂಡ ಕಲ್ಲು ಪಾಲಿಶ್ ಕಾರ್ಖಾನ್ಯಾಗ ಮಿಸ್ತ್ರಿ. ಎಂಬತ್ತನೇ ಇಸ್ವಿ ಆಜೂಬಾಜು, ಮನಿ ಮುಂದ ಹತ್ತಿ ಇಳಿಯಾಕ ನಾಕು ಕೆಂಪು ಕಲ್ಲಿನ ಪಾವಟಿಗಿ ಹಾಕಿಸಿದ. ಹೊರಗಿನ ಪಾವಟಿಗಿ ಒರಟ ಇರಬೇಕು ಅನ್ನೋದು ಕೂಸಿಗೂ ಗೊತ್ತು. ಇವ ಕನ್ನಡಿ ಹಂಗ ಪಾಲಿಶ್ ಹೊಡಿಸಿದ. ಆಕಿಯೋ, ಚಳಿಗಾಲದಾಗೂ ಮುಂಜಾನೆದ್ದು ಎರಡು ಕೊಡ ನೀರು ಸುರವಿ ತೊಳಿಯಾಕಿ. ಬಿಸಲು ಬೀಳೋತನಕ ಅದರ ಮ್ಯಾಲ ನೊಣಾ ಕುಂತರೂ ಜಾರಬೇಕು.

ಸಾಲಿ ಮಾಸ್ತರು ಬಂದ್ರು, ಮೂರನೇ ಪಾವಟಿಗಿಗೆ ಕಾಲಿಟ್ಟು ಧಪ್ಪಂತ ಕುಂತ್ರು. ಇಕಿ ಒಳಗಿಂದ ಬಂದು ಕೇಳ್ತಾಳ, "ಹೆಂಗದಾವ್ರಿ ಮಾಸ್ತರ, ನಮ್ಮ ಪಾವಟಿಗಿ?"

"ನಿಂತು ನೋಡಾಕ ಆಗಲಿಲ್ಲವ್ವಾ. ಕುಂತು ನೋಡೇನಿ, ಗಟ್ಟಿ ಅದಾವ."

೨. ಬಸ್ಸಿನಿಂದ ಇಳಿದ ಶಬ್ದ

ಒಂದಿನ ಆಕಿ ಮಗಳೂ ಅಲ್ಲೇ ಬಿದ್ದಳು. ಹುಡುಗಿಗೆ ಬಾದಾಮಿ ಗಂಡು ಗೊತ್ತಾಗಿತ್ತು, ಸೋಮವಾರ ಬೀಗರು ಮಾತು ಮುಗಸಾಕ ಬರಾವ್ರು. ನಾ ನಳದ ಹತ್ರ ಇದ್ದದ್ದು ಇದ್ದಂಗ ಹೇಳಿದೆ: "ಬಾಜೂಮನಿ ಹುಡುಗಿ ಪಾವಟಿಗಿ ಮ್ಯಾಲ ಕಾಲು ಜಾರ್ಯಾಳ." ಧ್ವನಿ ಅಷ್ಟ ಸಣ್ಣದು ಮಾಡಿದ್ದೆ, ಅದು ನನ್ನ ರೂಢಿ.

ಮಾತು ಬಸ್ ಹತ್ತಿ ಬಾದಾಮಿ ಮುಟ್ಟಿತು. ಮೂರನೇ ದಿನಕ್ಕ ಬೀಗರು ಹೇಳಿಕಳಿಸಿದ್ರು, "ಕಾಲು ಜಾರಿದ ಹುಡುಗಿ ನಮಗ ಬ್ಯಾಡ." ಬಾಜೂಮನ್ಯಾಗ ಅವತ್ತ ಒಲಿ ಹಚ್ಚಲಿಲ್ಲ.

ನಾ ಏನ ಸುಳ್ಳ ಹೇಳಿದೆ ಹೇಳ್ರಿ? ಪಾವಟಿಗಿ ಅನ್ನೋ ಶಬ್ದ ಅಮೀನಗಡದಾಗ ಕರದಂಟು ತಗೋಳಾಕ ಇಳದು, ಅಲ್ಲೇ ಉಳಕೊಂಡಿತ್ತು.

೩. ಬರ್ಫಿಗೆ ಉಪ್ಪು

ಹುಡುಗಿ ಸೋದರಮಾವ ಮಿಲಿಟ್ರಿಯಾಂವ, ರಜಾ ಮ್ಯಾಲ ಬಂದಿದ್ದ. ಬಾದಾಮಿಗೆ ಹೋಗಿ ಬೀಗತಿಗೆ ಕೈ ಮುಗದ: "ಒಮ್ಮೆ ಬಂದು ಆ ಪಾವಟಿಗಿ ಕಣ್ಣಾರೆ ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ." ಆಕಿ ಬರೋ ಮುಂಜಾನೆ, ಮತ್ಯಾರೂ ಬೀಳಬಾರದಂತ ಪಾವಟಿಗಿ ತುಂಬ ಹರಳುಪ್ಪು ಚೆಲ್ಲಿದ. ಕಾಶ್ಮೀರದಾಗ ನೀರು ಹೆಪ್ಪುಗಟ್ಟಿ ಪಾವಟಿಗಿ ಮ್ಯಾಲ ಬರ್ಫ ಕೂಡತೈತಂತ, ಅಲ್ಲೆ ಅದನ್ನ ಹಿಂಗ ಉಪ್ಪು ಹಾಕಿ ಕರಗಸ್ತಾರಂತ.

ಬೀಗತಿ ಕೆಳಗ ನಿಂತಳು. "ಬಾಗಲಾಗ ಉಪ್ಪು! ಯಾರು ಮಾಟಾ ಮಾಡ್ಯಾರ?"

"ಮಾಟ ಅಲ್ರಿ ಅಕ್ಕಾರ, ಅದು ಬರ್ಫಿಗೆ ಹಾಕೋದು," ಅಂದ ಮಿಲಿಟ್ರಿಯಾಂವ.

"ಬರ್ಫಿಗೆ ಸಕ್ಕರಿ ಹಾಕ್ತಾರ. ಉಪ್ಪು ಯಾರು ಹಾಕ್ತಾರ?"

ಮಾಟದ ಉಪ್ಪು ತುಳಿಬಾರದಂತ ಸೀರಿ ಎತ್ತಿ, ಉಪ್ಪಿಲ್ಲದ ಮೂಲಿ ಹುಡುಕಿ ಕಾಲಿಟ್ಟಳು. ಸರ್ರನ ಜಾರಿ ಕೆಳಗ ಕುಂತಳು. ಹುಡುಗಿ ಓಡಿ ಬಂದು ಕೈ ಹಿಡದಳು.

"ನೀ ಕಾಲು ಜಾರಿದ್ದು ಇಲ್ಲೇನವಾ?"

"ಹೂಂನ್ರಿ."

"ಹಂಗಾದ್ರ ನಾನೂ ಕಾಲು ಜಾರಿದಾಕಿನ ಆದೆ," ಅಂತ ಬೀಗತಿ ನಗಾಕ ಹತ್ತಿದಳು. ಅಲ್ಲೇ ಕುಂತು ಸಕ್ಕರಿ ಹಂಚಾಕ ಹೇಳಿದಳು.

ನಾನೂ ಹೋಗಿ ಕೈ ಚಾಚಿದೆ. ಬಾಜೂಮನಿಯಾಕಿ ಸಕ್ಕರಿ ತಾಟು ಆಚೆ ಸರಿಸಿ, ಉಪ್ಪಿನ ಡಬ್ಬಿ ನನ್ನ ಮುಂದ ಹಿಡದು, ಎಲ್ಲಾರ ಎದುರಿಗೆ ಅಂದಳು:

"ಕಾಕೂ, ಇನ್ನೊಂದೀಟು ಉಪ್ಪು ಉಳದೈತಿ. ನಾಲಿಗಿ ಚಾಚ್ರಿ, ಅದೂ ಭಾಳ ಜಾರತೈತಿ."